ಗುಡಿ ಕಟ್ಟಿದ ದೀಪ

ಒಬ್ಬರ ಬರಹದ ತಪ್ಪನ್ನು ಇನ್ನೊಬ್ಬರು ಎತ್ತಿ ತೋರಿಸುವುದು ವಿಮರ್ಶೆಯ ವಾಡಿಕೆ. ಈ ವಾರ ನಾನು ಕೈಗೆತ್ತಿಕೊಂಡಿರುವುದು ನನ್ನದೇ ಬರಹವನ್ನು. ಐದು ವರ್ಷದ ಹಿಂದೆ ಕಣ್ಣಿಗೆ ಲೇಸರ್ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಬಂದ ಹನ್ನೆರಡನೆಯ ದಿನ 'ಕನ್ನಡಕಕ್ಕೆ ಬೀಳ್ಕೊಡುಗೆ' ಎಂಬ ಪ್ರಬಂಧ ಬರೆದು, ಕೂಡ್ಲಿಗಿಯಲ್ಲಿ ಸ್ನೇಹಿತರ ಮುಂದೆ ಓದಿದೆ. ಎಲ್ಲರೂ ಮೆಚ್ಚಿದರು. ಹಗರಿಬೊಮ್ಮನಹಳ್ಳಿಯಲ್ಲಿರುವ ನನ್ನ ಅಣ್ಣನ ಮಗಳು ಅದರ ಪ್ರತಿಯೊಂದನ್ನು ಜೋಪಾನವಾಗಿ ಇಟ್ಟುಕೊಂಡಿದ್ದಳೆಂದು ತಿಳಿದದ್ದು ಮೊನ್ನೆ. ಅದನ್ನು ನಂಬಿ ತಾನೂ ಚಿಕಿತ್ಸೆಗೆ ದಿನ ಗೊತ್ತುಮಾಡಿಕೊಂಡಿದ್ದಾಳೆ. ಆದ್ದರಿಂದ ಆ ಬರಹವನ್ನು ಮತ್ತೊಮ್ಮೆ ಓದುವ ಹೊಣೆ ನನ್ನ ಮೇಲೆ ಬಿತ್ತು.

ಓದಿದೆ. ಬೆಳಗ್ಗೆ ಎದ್ದೊಡನೆ ತಲೆದಿಂಬಿನ ಕೆಳಗೆ ಕನ್ನಡಕವನ್ನು ತಡಕುವ ಕೈ, ಅದು ಇನ್ನು ಬೇಡವೆಂಬ ನೆನಪು, ಕಿಟಕಿಯಾಚೆ ಬಿಡಿಬಿಡಿಯಾಗಿ ಕಂಡ ಹುಣಸೆಯ ಎಲೆ, ಇದೆಲ್ಲ ಅದರಲ್ಲಿದೆ. ಒಂದು ವಾಕ್ಯವೂ ಸುಳ್ಳಲ್ಲ. ಆದರೆ ಇಡೀ ಬರಹ ನಿಜವಲ್ಲ. ಅದನ್ನು ಬರೆಯುವಾಗಲೇ ನನ್ನ ಕಣ್ಣಿನಲ್ಲಿ ಮರಳು ಬಿದ್ದಂತೆ ಚುರುಚುರು ಎನ್ನುತ್ತಿತ್ತು. ದಿನಕ್ಕೆ ಆರು ಸಲ ಹನಿ ಹಾಕಿಕೊಳ್ಳುತ್ತಿದ್ದೆ. ರಾತ್ರಿ ಎದುರಿಗೆ ಬರುವ ಬಸ್ಸಿನ ದೀಪ ಕದಿರು ಕೆದರಿಕೊಂಡು ರಸ್ತೆಯನ್ನೇ ನುಂಗುತ್ತಿತ್ತು. ಇದೊಂದೂ ಪ್ರಬಂಧದಲ್ಲಿಲ್ಲ. ಮರೆತು ಬಿಟ್ಟದ್ದಲ್ಲ, ಔಚಿತ್ಯವಲ್ಲವೆಂದು ಬಿಟ್ಟದ್ದು.

ಈ ಔಚಿತ್ಯದ ಕಲ್ಪನೆ ನನಗೆ ಎಲ್ಲಿಂದ ಬಂತು? ಕಣ್ಣಿನ ವಿಷಯದಲ್ಲಿ ನಮ್ಮ ಪರಂಪರೆ ಎರಡೇ ಮಾತುಗಳನ್ನು ಕಲಿಸಿದೆ: ಕಣ್ಣು ಹೋಯಿತು, ಕಣ್ಣು ಬಂತು. ಹಂಪೆಯ ಹರಿಹರನ ಕಣ್ಣಪ್ಪನನ್ನು ನೆನೆಯಿರಿ. ಬೇಡ ತನ್ನ ಕಣ್ಣನ್ನೇ ಕಿತ್ತು ಲಿಂಗಕ್ಕೆ ಇಡುತ್ತಾನೆ, ದೇವರು ಒಲಿಯುತ್ತಾನೆ. 1954ರ 'ಬೇಡರ ಕಣ್ಣಪ್ಪ' ಚಿತ್ರ ಆ ಕಥೆಯನ್ನು ಮನೆಮನೆಗೂ ಮುಟ್ಟಿಸಿತು. ಅಲ್ಲಿ ಕಣ್ಣು ಇದೆ ಅಥವಾ ಇಲ್ಲ. ಇದ್ದೂ ನೋಯುವ ಕಣ್ಣಿಗೆ ಆ ಕಥೆಯಲ್ಲಿ ಸ್ಥಳವಿಲ್ಲ, ಇರಬೇಕಾಗಿಯೂ ಇಲ್ಲ.

ನಮ್ಮ ಕಾಲದ ಪುರಾಣವೆಂದರೆ ಡಾ. ಎಂ. ಸಿ. ಮೋದಿಯವರದು. 2005ರಲ್ಲಿ ತೀರಿಕೊಂಡ ಈ ಮಹನೀಯರು ಊರೂರು ತಿರುಗಿ ಶಿಬಿರ ನಡೆಸಿ ಪೊರೆ ತೆಗೆದರು. ಒಂದೇ ದಿನ 833 ಶಸ್ತ್ರಚಿಕಿತ್ಸೆ ಮಾಡಿದರೆಂದು ಗಿನ್ನೆಸ್ ಪುಸ್ತಕ ದಾಖಲಿಸಿತು. ಜನ ಅವರನ್ನು 'ಕಣ್ಣು ಕೊಟ್ಟ ಅಣ್ಣ' ಎಂದರು. ಪೊರೆಯಿಂದ ಕುರುಡಾದ ಮುದುಕಿಗೆ ಮೊಮ್ಮಗನ ಮುಖ ಕಂಡಾಗ ಕೃತಜ್ಞತೆಯಲ್ಲದೆ ಬೇರೆ ಯಾವ ಭಾವ ಸಲ್ಲುತ್ತದೆ? ಆ ಭಾಷೆ ಅಲ್ಲಿ ಸಹಜ, ಸತ್ಯ.

ನನ್ನ ತಪ್ಪು ಆ ಭಾಷೆಯನ್ನು ಕಡ ತಂದದ್ದು. ನಾನು ಕುರುಡನಾಗಿರಲಿಲ್ಲ. ಕನ್ನಡಕ ಹಾಕಿದರೆ ಎಲ್ಲವೂ ಕಾಣುತ್ತಿತ್ತು. ನಾನು ಮಾಡಿಸಿಕೊಂಡದ್ದು ಕನ್ನಡಕ ಬೇಡವೆಂಬ ಅನುಕೂಲಕ್ಕೆ. ಕಣ್ಣಿನ ಮುಂದಿರುವ, ಅರ್ಧ ಮಿಲಿಮೀಟರಿಗಿಂತ ತುಸುವೇ ದಪ್ಪನಾದ ಪಾರದರ್ಶಕ ಪಟಲದ ಮೇಲುಪದರವನ್ನು ಮುಚ್ಚಳದಂತೆ ಎತ್ತಿ, ಒಳಗಿನದನ್ನು ಲೇಸರ್ ಕಿರಣದಿಂದ ಸವರಿ, ಮುಚ್ಚಳವನ್ನು ಮತ್ತೆ ಹೊದಿಸುತ್ತಾರೆ. ಆಗ ಕಣ್ಣೀರಿಗೆ ಸಂದೇಶ ಕೊಡುವ ಸೂಕ್ಷ್ಮ ನರಗಳೂ ಕತ್ತರಿಸುತ್ತವೆ. ಹಲವರಲ್ಲಿ ಕೆಲವು ತಿಂಗಳಲ್ಲಿ ಅವು ಚಿಗುರಿ ತೊಂದರೆ ಇಳಿಯುತ್ತದೆ, ಕೆಲವರಲ್ಲಿ ಉಳಿಯುತ್ತದೆ. ಕತ್ತಲೆಯಲ್ಲಿ ಕಣ್ಣಿನ ಪಾಪೆ ಹಿಗ್ಗಿದಾಗ ಸವರಿದ ಭಾಗದ ಅಂಚಿನಿಂದಲೂ ಬೆಳಕು ನುಗ್ಗಿ ಚದರಬಹುದು. ದೀಪದ ಸುತ್ತ ಬಳೆ ಕಾಣುವುದು ಹೀಗೆ.

ವೈದ್ಯರಲ್ಲಿ ಹೇಳಿಕೊಂಡೆ. ಗೋಡೆಯ ಅಕ್ಷರಗಳನ್ನು ಓದಿಸಿ 6/6 ಎಂದು ಬರೆದರು. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಗೊರವಯ್ಯ ಬಿಲ್ಲನ್ನೇರಿ ನುಡಿಯುವ ಕಾರಣಿಕವೂ ಒಂದೇ ಮಾತು. ಆದರೆ ಅದು ಮಳೆಗೋ ಬೆಳೆಗೋ ರಾಜ್ಯಕ್ಕೋ ಎಂದು ಕೇಳಿದವರೆಲ್ಲ ಅರ್ಥ ಹುಡುಕುತ್ತಾರೆ. 6/6 ಎಂಬ ನುಡಿಗೆ ಮಾತ್ರ ವ್ಯಾಖ್ಯಾನ ಕೇಳಬಾರದು! ಕೇಳಿದ ನಾನು ಉಪಕಾರ ತಿಳಿಯದವನಾದೆ.

ನನ್ನ ತೊಂದರೆಗೆ ಹೆಸರು ಸಿಕ್ಕಿದ್ದು ಕೊಟ್ಟೂರಿನಲ್ಲಿ. ಜಾತ್ರೆಯ ರಾತ್ರಿ ಅವ್ವನೊಡನೆ ನಿಂತಿದ್ದೆ. ಮಿರ್ಚಿ ಕರಿಯುವ ಬಾಣಲೆಯ ಹೊಗೆಗೆ ಎಲ್ಲರ ಕಣ್ಣಲ್ಲೂ ನೀರು, ನನ್ನವು ಒಣಗಿ ಉರಿಯುತ್ತಿದ್ದವು. ದೀಪದ ಸಾಲನ್ನು ನೋಡಲಾರದೆ ಮುಖ ತಿರುಗಿಸಿದ್ದನ್ನು ಕಂಡು ಅವ್ವ ಕೇಳಿದಳು: "ದೀಪ ಗುಡಿ ಕಟ್ಟ್ಯಾವೇನಪ್ಪ?" ಚಂದ್ರನ ಸುತ್ತ ಬಳೆ ಕಂಡರೆ ಗುಡಿ ಕಟ್ಟಿದೆ, ಮಳೆ ಬಂದೀತು ಎನ್ನುವ ನಾಡಿನ ಮಾತು ಅದು. ಹೌದು ಎಂದೆ. ಆಕೆ ಉಪದೇಶ ಮಾಡಲಿಲ್ಲ, ಕೈ ಹಿಡಿದುಕೊಂಡು ಕತ್ತಲೆಯ ಓಣಿಯ ಕಡೆಗೆ ಕರೆದುಕೊಂಡು ಹೋದಳು. ನನ್ನ ಅಚ್ಚುಕಟ್ಟಾದ ಪ್ರಬಂಧಕ್ಕೆ ಇಲ್ಲದ ನೋಟ ಆ ಒಂದು ಪ್ರಶ್ನೆಗೆ ಇತ್ತು.

ಹಾಗೆಂದು ಎದುರು ದಿಕ್ಕಿಗೆ ಹಾರಿ, ಈ ಚಿಕಿತ್ಸೆಯೇ ಮೋಸವೆಂದು ಬರೆದರೆ ಅದೂ ಅಷ್ಟೇ ಸುಳ್ಳು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಇತರ ಸಂಸ್ಥೆಗಳೊಡನೆ ನಡೆಸಿ 2017ರಲ್ಲಿ ಪ್ರಕಟವಾದ ಅಧ್ಯಯನವೊಂದಿದೆ. ಮೊದಲು ಇಂಥ ಲಕ್ಷಣವಿಲ್ಲದಿದ್ದವರಲ್ಲಿ ನೂರಕ್ಕೆ 43ರಿಂದ 46 ಮಂದಿಗೆ ಮೂರು ತಿಂಗಳ ಹೊತ್ತಿಗೆ ಬಳೆಯೋ ಕದಿರೋ ಇನ್ನೊಂದೋ ಹೊಸದಾಗಿ ಕಂಡಿತ್ತು. ಆದರೂ ನೂರಕ್ಕೆ 95ಕ್ಕಿಂತ ಹೆಚ್ಚು ಮಂದಿ ದೃಷ್ಟಿ ತೃಪ್ತಿಕರವೆಂದರು. ಬಹಳ ಕಷ್ಟವಾಯಿತೆಂದವರು ಒಬ್ಬರಿಗಿಂತ ಕಡಿಮೆ. ತೃಪ್ತಿ, ತೊಂದರೆ ಎರಡೂ ಒಂದೇ ಕಣ್ಣಿನಲ್ಲಿ ವಾಸಿಸಬಲ್ಲವು. ಈ ನಡುವಿನ ಸ್ಥಿತಿಯೇ ಅನುಭವ ಬರೆಯುವವನ ನಿಜವಾದ ಸಾಮಗ್ರಿ. ಹೊಗಳಿಕೆಗೂ ಗೋಳಿಗೂ ಅದು ಒಗ್ಗುವುದಿಲ್ಲ.

ಹಾಗಾದರೆ ಅದಕ್ಕೆ ಯಾವ ಧಾಟಿ? ಹರಪನಹಳ್ಳಿಯಲ್ಲಿ ಹುಟ್ಟಿದ ಬೀಚಿಯವರು ತಮ್ಮ ಆತ್ಮಕಥೆಗೆ 'ನನ್ನ ಭಯಾಗ್ರಫಿ' ಎಂದು ಹೆಸರಿಟ್ಟರು. ತನ್ನ ಕಥೆ ತಾನೇ ಹೇಳಿಕೊಳ್ಳುವವನಿಗೆ ಇರಬೇಕಾದ ಭಯವನ್ನು ಅವರು ನಗುತ್ತಲೇ ಹೆಸರಿನಲ್ಲಿಟ್ಟರು. ನನಗೆ ಹನ್ನೆರಡನೆಯ ದಿನ ಇಲ್ಲದೆ ಹೋದದ್ದು ಆ ಭಯ. ಇನ್ನೊಬ್ಬರು ಇದನ್ನು ನಂಬಿ ನಡೆದಾರು ಎಂಬ ಭಯ.

ಕಳೆದ ಭಾನುವಾರ ಅಣ್ಣನ ಮಗಳು ಬಂದಿದ್ದಳು. ಹಳೆಯ ಪ್ರಬಂಧವನ್ನು ಓದಿದೆ. ಬಿಟ್ಟದ್ದನ್ನು ಬಾಯಲ್ಲೇ ಸೇರಿಸಿದೆ.

"ಹಂಗಾದ್ರ ಬ್ಯಾಡ ಅಂತೀಯೇನು ಚಿಗಪ್ಪ?" ಎಂದಳು.

"ಬ್ಯಾಡ ಅನ್ನಂಗಿಲ್ಲ. ನನಗ ಬೆಳಿಗ್ಗೆ ಹುಣಸಿ ಎಲಿ ಕಾಣ್ತಾವ, ಅದೂ ಖರೇ. ರಾತ್ರಿ ದೀಪ ಗುಡಿ ಕಟ್ಟತಾವ, ಇದೂ ಖರೇ," ಎಂದೆ.

ಅವಳು ಪ್ರಬಂಧದ ಅಂಚಿನಲ್ಲೇ ವೈದ್ಯರಿಗೆ ಕೇಳಬೇಕಾದ ಮೂರು ಪ್ರಶ್ನೆ ಬರೆದುಕೊಂಡಳು: ನನ್ನ ಕಣ್ಣೀರು ಸಾಕಷ್ಟಿದೆಯೇ? ಕತ್ತಲೆಯಲ್ಲಿ ನನ್ನ ಪಾಪೆ ಎಷ್ಟು ಹಿಗ್ಗುತ್ತದೆ? ತೊಂದರೆ ಉಳಿದರೆ ಕೇಳುವವರು ಯಾರು? ನಾನು ಬರೆದ ಪುಟಗಳಿಗಿಂತ ಆ ಅಂಚಿನ ಬರಹವೇ ಹೆಚ್ಚು ತೂಕದ್ದು. ಪ್ರಬಂಧವನ್ನು ಇನ್ನು ಯಾರಾದರೂ ಕೇಳಿದರೆ ಆ ಅಂಚನ್ನು ಸೇರಿಸಿಯೇ ಕೊಡುತ್ತೇನೆ.