ಭಾರತದ ಎರಡು ನಾಯಿಗಳು

ಮಹಾಭಾರತದ ನಾಯಿ ಎಂದೊಡನೆ ನಮಗೆ ನೆನಪಾಗುವುದು ಮಹಾಪ್ರಸ್ಥಾನದಲ್ಲಿ ಧರ್ಮರಾಯನನ್ನು ಹಿಂಬಾಲಿಸಿದ ನಾಯಿ. ಶಾಂತಿಪರ್ವದಲ್ಲಿ ಇನ್ನೊಂದಿದೆ, ಅದು ಸತ್ತ ನಾಯಿ, ಗುಡಿಸಲಿನಲ್ಲಿ ತೂಗುಹಾಕಿದ ಮಾಂಸ. ಕುಮಾರವ್ಯಾಸನು ಗದಾಪರ್ವಕ್ಕೇ ಕಥೆ ನಿಲ್ಲಿಸಿದ್ದರಿಂದ, ಅವನನ್ನು ಓದಿ ಬೆಳೆದ ನಮಗೆ ಎರಡೂ ಸಿಗಬೇಕಾದದ್ದು ಬೇರೆ ಕಡೆಯಿಂದ. ಎರಡನ್ನೂ ಒಟ್ಟಿಗೆ ಇಟ್ಟು ಓದಿದವರು ಕಡಮೆಯೆಂದು ಕಾಣುತ್ತದೆ.

ಹನ್ನೆರಡು ವರ್ಷಗಳ ಬರಗಾಲ. ಹಸಿದ ವಿಶ್ವಾಮಿತ್ರನು ಇರುಳಿನಲ್ಲಿ ಚಂಡಾಲನೊಬ್ಬನ ಮನೆಗೆ ನುಗ್ಗಿ ನಾಯಿಯ ತೊಡೆಮಾಂಸವನ್ನು ಕದಿಯಹೊರಡುತ್ತಾನೆ. ಎಚ್ಚೆತ್ತ ಮನೆಯಾತ ಋಷಿಯನ್ನು ಗುರುತಿಸಿ, ಬೇಡವೆಂದು ತಡೆಯುತ್ತಾನೆ. ಶಾಸ್ತ್ರವನ್ನು ಹಿಡಿದು ವಾದಿಸುವವನು ಚಂಡಾಲ. ಬದುಕಿದ್ದರೆ ತಾನೆ ಧರ್ಮ ಎನ್ನುವವನು ಮಹರ್ಷಿ. ಯಾರನ್ನು ಶಾಸ್ತ್ರವು ಊರಾಚೆಗೆ ನೂಕಿತೋ ಅವನ ಬಾಯಲ್ಲೇ ಶಾಸ್ತ್ರ! ಆಪದ್ಧರ್ಮಕ್ಕೆ ಉದಾಹರಣೆಯೆಂದು ಪಾಠ ಹೇಳಿ ಇದನ್ನು ಮುಗಿಸುವುದು ವಾಡಿಕೆ. ನನ್ನನ್ನು ಕಾಡುವ ಪ್ರಶ್ನೆ ಬೇರೆ. ಇಷ್ಟು ದೀರ್ಘವಾದ ವಾದದಲ್ಲಿ ನಾಯಿಯ ಪರವಾಗಿ ಒಂದು ಮಾತಾದರೂ ಉಂಟೆ? ನಾಯಿ ಮೃಗಗಳಲ್ಲಿ ಅಧಮ, ಅದರ ತೊಡೆ ಇನ್ನೂ ಅಧಮ ಎಂಬುದು ಚಂಡಾಲನ ಆಕ್ಷೇಪ. ಹೇಸಿಗೆಯಿದೆ, ಮರುಕವಿಲ್ಲ. ವಿಶ್ವಾಮಿತ್ರನೋ, ನಾಯಿಯೂ ಜಿಂಕೆಯೂ ತನಗೆ ಸಮ ಎನ್ನುತ್ತಾನೆ, ತಿನ್ನುವುದಕ್ಕೆ ಸಮ!

ಭೀಷ್ಮನು ಈ ಕಥೆಯನ್ನು ಹೇಳುವುದು ಧರ್ಮರಾಯನಿಗೆ. ಕೇಳಿ ಆತ ಕಳವಳಗೊಳ್ಳುತ್ತಾನೆ. ಅದೇ ಧರ್ಮರಾಯ ಮುಂದೆ, ನಾಯಿಯೊಡನೆ ಬಂದವರಿಗೆ ಸ್ವರ್ಗವಿಲ್ಲವೆಂದ ಇಂದ್ರನಿಗೆ, ನಂಬಿ ಬಂದದ್ದನ್ನು ಕೈಬಿಡಲಾರೆ ಎನ್ನುತ್ತಾನೆ. ಇಂದ್ರನ ಆಕ್ಷೇಪವೂ ಮಡಿ ಮೈಲಿಗೆಯದೇ. ನಾಯಿ ಶುದ್ಧವೆಂದು ಧರ್ಮರಾಯ ವಾದಿಸುವುದಿಲ್ಲ. ಆ ಪ್ರಶ್ನೆಯನ್ನೇ ಅತ್ತ ಸರಿಸಿಬಿಡುತ್ತಾನೆ.

ನಾಗಾಲ್ಯಾಂಡ್ ಸರ್ಕಾರವು 2020ರಲ್ಲಿ ನಾಯಿಮಾಂಸದ ಮಾರಾಟವನ್ನು ನಿಷೇಧಿಸಿತು. 2023ರಲ್ಲಿ ಗೌಹಾತಿ ಹೈಕೋರ್ಟು ಆ ಆಜ್ಞೆಯನ್ನು ರದ್ದುಮಾಡಿತು. ದಕ್ಷಿಣ ಕೊರಿಯದ ಸಂಸತ್ತು 2024ರ ಜನವರಿಯಲ್ಲಿ ಒಪ್ಪಿದ ಕಾನೂನು, ಮೂರು ವರ್ಷಗಳ ಅವಕಾಶ ಕೊಟ್ಟು, ಮಾಂಸಕ್ಕಾಗಿ ನಾಯಿಯನ್ನು ಸಾಕಿ ಕೊಂದು ಮಾರುವುದನ್ನು ಅಪರಾಧವೆಂದಿತು, ತಿಂದವನಿಗೆ ಶಿಕ್ಷೆಯಿಲ್ಲ. ಈ ಸುದ್ದಿಗಳನ್ನು ಓದಿ ನಮ್ಮ ಅಧ್ಯಾಪಕರ ಕೊಠಡಿಯಲ್ಲಿ ಎಲ್ಲರೂ ಮುಖ ಸಿಂಡರಿಸಿದರು, ಕುರಿಯ ಸಾರು ಉಂಡು ಬಂದವರೂ ಸೇರಿ. ಅದರಲ್ಲಿ ಮರುಕವೆಷ್ಟು, ಚಂಡಾಲನ ಹೇಸಿಗೆಯೆಷ್ಟು? ಧರ್ಮರಾಯನ ಮಾತು ಮನೆಯ ನಾಯಿಯನ್ನು ಉಳಿಸುತ್ತದೆ, ನಿಜ. ಆದರೆ ಹಬ್ಬಕ್ಕೆಂದು ಸಾಕಿದ ಟಗರೂ ಮನೆಯ ಮಕ್ಕಳ ಹಿಂದೆ ನಂಬಿ ನಡೆಯುತ್ತದಲ್ಲ!

ಇಲ್ಲಿ ಕವಿಯ ಮೇಲೆ ನನಗೆ ಸ್ವಲ್ಪ ಅಸಮಾಧಾನವಿದೆ. ಮಾಂಸ ಬೆಂದು, ದೇವತೆಗಳಿಗೆ ಎಡೆಯಿಡುವ ಹೊತ್ತಿಗೆ ಇಂದ್ರ ಮಳೆ ಸುರಿಸುತ್ತಾನೆ; ವಿಶ್ವಾಮಿತ್ರ ಅದನ್ನು ಬಾಯಿಗಿಡುವುದೇ ಇಲ್ಲ. ಅಲ್ಲಿ, ಸ್ವರ್ಗದ ಬಾಗಿಲಲ್ಲಿ, ನಾಯಿ ಮಾಯವಾಗಿ ಧರ್ಮದೇವತೆ ನಿಲ್ಲುತ್ತಾನೆ. ಅದು ಬರಿಯ ನಾಯಿಯಾಗಿಯೇ ಉಳಿದಿದ್ದರೆ ಇಂದ್ರನು ರಥ ಹತ್ತಿಸಿಕೊಳ್ಳುತ್ತಿದ್ದನೆ?