ವಂಶಚರಿತ್ರೆಗಳಲ್ಲಿ ಸ್ಥಳನಿರ್ದೇಶ: ಒಂದು ವಿಮರ್ಶೆ

ಮನೆತನಗಳ ಚರಿತ್ರೆಯನ್ನು ಬರೆಯುವವರಲ್ಲಿ ಒಂದು ರೂಢಿ ಬೇರೂರಿದೆ. ಹಳೆಯ ಆಧಾರದಲ್ಲಿ ದೊರೆತ ಊರಿಗೆ ಇಂದಿನ ಜಿಲ್ಲೆ, ರಾಜ್ಯಗಳ ಹೆಸರನ್ನು ಜೋಡಿಸಿ, ಮೂಲದ ಸ್ಥಳನಿರ್ದೇಶವನ್ನು ಕೈಬಿಡುವುದೇ ಆ ರೂಢಿ. ವಾಚಕರ ಸೌಕರ್ಯಕ್ಕೆಂದು ಸಮರ್ಥಿಸಲಾಗುವ ಈ ಕ್ರಮ ಸಂಶೋಧನೆಯ ದಾರಿಯನ್ನೇ ತಪ್ಪಿಸುತ್ತದೆ.

ಜೈನ ಬಸದಿಗಳುಳ್ಳ ಮಂಜೇಶ್ವರವನ್ನು ನೋಡಬಹುದು. 1799ರಲ್ಲಿ ಟಿಪ್ಪುವಿನ ಪತನಾನಂತರ ಕೆನರಾ ಪ್ರದೇಶ ಕಂಪನಿಯ ವಶವಾಗಿ ಮದ್ರಾಸ್ ಆಧಿಪತ್ಯಕ್ಕೆ ಸೇರಿತು. 1956ರ ನವೆಂಬರ್ 1ರವರೆಗೆ ಮಂಜೇಶ್ವರವು ದಕ್ಷಿಣ ಕನ್ನಡ ಜಿಲ್ಲೆಯ ಕಾಸರಗೋಡು ತಾಲೂಕಿನಲ್ಲಿತ್ತು. ಅಂದು ಆ ತಾಲೂಕು ಕೇರಳಕ್ಕೆ ಹೋಯಿತು. 1957ರಲ್ಲಿ ಕಣ್ಣೂರು ಜಿಲ್ಲೆಗೆ, 1984ರಲ್ಲಿ ಕಾಸರಗೋಡು ಜಿಲ್ಲೆಗೆ ಸೇರಿತು. ಮನೆ ಕದಲಲಿಲ್ಲ, ಅದರ ಕಾಗದಗಳ ನೆಲೆ ಕದಲಿತು. ಆಧಿಪತ್ಯದ ಕಾಲದ ದಾಖಲೆಗಳನ್ನು ಚೆನ್ನೈಯ ಪತ್ರಾಗಾರದಲ್ಲಿಯೂ ಹುಡುಕಬೇಕು. ಉತ್ತರದಲ್ಲಿಯೂ ಇದೇ ತೊಡಕು. 1862ರಲ್ಲಿ ಉತ್ತರ ಕನ್ನಡವು ಮುಂಬಯಿ ಆಧಿಪತ್ಯಕ್ಕೆ ಸೇರಿದಾಗ ಭಟ್ಕಳ ಅತ್ತ ಹೋಯಿತು, ಕುಂದಾಪುರ ಮದ್ರಾಸಿನಲ್ಲಿ ಉಳಿಯಿತು.

ತುಳುನಾಡಿನ ಜೈನರಲ್ಲಿ ಈ ಪ್ರಮಾದಕ್ಕೆ ತೆರುವ ಬೆಲೆ ಹೆಚ್ಚು. ಪುರೋಹಿತರಾದ ಇಂದ್ರರನ್ನು ಬಿಟ್ಟರೆ ಇಲ್ಲಿ ಅಳಿಯಸಂತಾನವೇ ರೂಢಿಯಾಗಿತ್ತು; ವಂಶವೂ ಬಳಿಯೂ ತಾಯಿಯಿಂದ ಸಾಗುತ್ತಿದ್ದವು. ಗಡಿಯಾಚೆ ನೆಲೆಸಿದ ಸೋದರಿಯ ಕವರನ್ನು 'ಅನ್ಯರಾಜ್ಯದ್ದು' ಎಂದು ಬಿಟ್ಟುಬಿಟ್ಟರೆ ಲೋಪವಾಗುವುದು ದೂರದ ಬಂಧುವರ್ಗವಲ್ಲ, ಸಂತಾನದ ಮುಖ್ಯ ಎಳೆಯೇ. ಕಾನೂನೂ ಭಿನ್ನವಾಯಿತು. 1949ರ ಮದ್ರಾಸ್ ಅಳಿಯಸಂತಾನ ಶಾಸನ ಇಡೀ ಜಿಲ್ಲೆಗೆ ಒಂದೇ ಆಗಿತ್ತು. ಕೇರಳವಾದರೋ 1975ರ ಶಾಸನದಿಂದ ಅವಿಭಕ್ತ ಕುಟುಂಬ ಪದ್ಧತಿಯನ್ನೇ ರದ್ದುಗೊಳಿಸಿತು. ಅದು ಮರುವರ್ಷ ಜಾರಿಗೆ ಬಂತು. ಆದುದರಿಂದ ಒಂದೇ ಕುಟುಂಬದ ಎರಡು ಕವಲುಗಳ ಪತ್ರಗಳಲ್ಲಿ ಹಕ್ಕಿನ ಪರಿಭಾಷೆ ಬೇರೆಯಾಗಿ ಕಂಡ ಮಾತ್ರಕ್ಕೆ ಮೂಲವೇ ಬೇರೆಯೆಂದು ತೀರ್ಮಾನಿಸುವುದು ದುಡುಕು.

ಓಲೆಗರಿಯ ಪ್ರತಿಗಳಲ್ಲಿ ಇನ್ನಷ್ಟು ಎಚ್ಚರ ಅಗತ್ಯ. ಲಿಪಿಕಾರನ ಊರು, ಶಾಸ್ತ್ರದಾನಕ್ಕಾಗಿ ಬರೆಯಿಸಿದವರ ಊರು, ಪ್ರತಿ ಇಂದು ಇರುವ ಭಂಡಾರ, ಈ ಮೂರೂ ಒಂದೇ ಆಗಿರಬೇಕೆಂಬ ನಿಯಮವಿಲ್ಲ. ಅಂತ್ಯಪ್ರಶಸ್ತಿಯಲ್ಲಿ ಬರುವ ದೇಶ, ಸೀಮೆಗಳನ್ನು ಇಂದಿನ ಜಿಲ್ಲೆಯೊಂದಕ್ಕೆ ಸಮೀಕರಿಸಿದರೆ ಈ ಭೇದವೆಲ್ಲ ಅಳಿಸಿಹೋಗುತ್ತದೆ. 1948ರಲ್ಲಿ ಭಾರತೀಯ ಜ್ಞಾನಪೀಠವು ಪ್ರಕಟಿಸಿದ ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳ ಸೂಚಿ ಈ ವಿಷಯದಲ್ಲಿ ಮನನೀಯ. ಮೂಡುಬಿದಿರೆ, ಕಾರ್ಕಳಗಳು ಆಗ ಮದ್ರಾಸ್ ಪ್ರಾಂತದಲ್ಲಿದ್ದರೂ ಗ್ರಂಥದ ಹೆಸರು 'ಕನ್ನಡ ಪ್ರಾಂತೀಯ ತಾಡಪತ್ರೀಯ ಗ್ರಂಥಸೂಚೀ' ಎಂದೇ ಆಯಿತು. ಆಡಳಿತದ ಪ್ರಾಂತಕ್ಕಿಂತ ಭಾಷೆಯ ಪ್ರಾಂತವೇ ಅಲ್ಲಿ ಮುಂದೆ ನಿಂತಿದೆ.

ಇಂದಿನ ಹೆಸರೇ ಬೇಡವೆಂದು ಇದರ ಅರ್ಥವಲ್ಲ. ಅದಿಲ್ಲದೆ ಹೊಸ ವಾಚಕನಿಗೆ ಊರು ಸಿಗದು. ಆಧಾರದಲ್ಲಿರುವ ಸ್ಥಳನಾಮವನ್ನು ಯಥಾವತ್ತಾಗಿ ಮೊದಲು ಕೊಟ್ಟು, ಆಧಾರದ ಕಾಲವನ್ನೂ ಅಂದಿನ ಆಡಳಿತವಿಭಾಗವನ್ನೂ ಹೇಳಿ, ಇಂದಿನ ಜಿಲ್ಲೆ ರಾಜ್ಯಗಳನ್ನು ಕೊನೆಗೆ ಸೂಚಿಸುವುದೇ ಯುಕ್ತ. ಈ ಕ್ರಮ ತಪ್ಪಿದ ವಂಶಾವಳಿ ಎಷ್ಟೇ ದೀರ್ಘವಾಗಿದ್ದರೂ ಅದನ್ನು ಪ್ರಮಾಣವೆಂದು ಸ್ವೀಕರಿಸಲಾಗದು.