ವಚನಕ್ಕೆ ಮೊದಲು ಅನ್ವಯ

ವರ್ಷಾಂತ್ಯದ ರಾತ್ರಿಯ ಆರಾಧನೆಯ ಕೊನೆಯಲ್ಲಿ ವಾಗ್ದಾನದ ಚೀಟಿಯನ್ನು ಎತ್ತಿಕೊಳ್ಳುವ ವಾಡಿಕೆ ನಮ್ಮ ಅನೇಕ ಸಭೆಗಳಲ್ಲಿ ನೆಲೆಗೊಂಡಿದೆ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯಂಥ ಪೇಟೆಯೂರುಗಳಲ್ಲಿ ಆ ಚೀಟಿ ಒಬ್ಬರ ಸತ್ಯವೇದದ ಹಾಳೆಗಳ ನಡುವೆ, ಇನ್ನೊಬ್ಬರ ಅಂಗಡಿಯ ಗಲ್ಲಾಪೆಟ್ಟಿಗೆಯ ಮೇಲೆ, ಮತ್ತೊಬ್ಬರ ಅಡುಗೆಮನೆಯ ಗೋಡೆಯ ಮೇಲೆ ಸ್ಥಾನ ಪಡೆಯುತ್ತದೆ. ವರ್ಷವಿಡೀ ಅದೇ ಆ ಮನೆಯ ವಚನ. ಬೆಳೆಗೆ, ಪರೀಕ್ಷೆಗೆ, ಮದುವೆಗೆ, ಸಾಲಕ್ಕೆ, ಎಲ್ಲಕ್ಕೂ ಅದನ್ನೇ ಅನ್ವಯಿಸಲಾಗುತ್ತದೆ. ಅನುದಿನದ ಕ್ರೈಸ್ತ ಜೀವಿತಕ್ಕೆ ದೇವರ ವಾಕ್ಯವನ್ನು ಅನ್ವಯಿಸುವುದೆಂದರೆ ಇಷ್ಟೇ ಏನು?

ಈ ವಾಡಿಕೆಯನ್ನು ಅಜ್ಞಾನವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಜರ್ಮನಿಯ ಹೆರ್ನ್‌ಹೂಟಿನ ಮೊರೇವಿಯನ್ ಸಭೆ ಚೀಟಿಯೆತ್ತಿ ಆರಿಸಿದ ದಿನವಚನಗಳನ್ನು 1731ರಿಂದ ಪುಸ್ತಕರೂಪದಲ್ಲಿ ಪ್ರಕಟಿಸುತ್ತ ಬಂದಿದೆ. 1834ರಲ್ಲಿ ಮಂಗಳೂರಿಗೂ 1837ರಲ್ಲಿ ಧಾರವಾಡಕ್ಕೂ ಬಂದ ಬಾಸೆಲ್ ಮಿಶನ್ ಅದೇ ಪಯಟಿಸ್ಟ್ ಭಕ್ತಿಧಾರೆಯ ನೆರೆಯಲ್ಲಿ ಬೆಳೆದದ್ದು. ಓದು ಬಾರದ ಅಜ್ಜಿಗೆ ಬಾಯಿಪಾಠವಾದ ಒಂದೇ ವಚನ ಪೂರ್ಣ ಸತ್ಯವೇದವಾಗಿತ್ತು; ಆಪತ್ತಿನಲ್ಲಿ ಆಕೆ ಹಿಡಿದು ನಿಂತದ್ದು ಅದನ್ನೇ. ಆದುದರಿಂದ ನಮ್ಮ ಆಕ್ಷೇಪಣೆ ಚೀಟಿಯ ಮೇಲಿಲ್ಲ. ಚೀಟಿಯಲ್ಲಿಯೇ ನಿಂತುಬಿಡುವ ಬೋಧನೆಯ ಮೇಲಿದೆ.

ಇಲ್ಲಿ ನಮ್ಮ ಭಾಷೆಯೇ ದಾರಿ ತೋರಿಸುತ್ತದೆ. ಹಳಗನ್ನಡ ಪದ್ಯವನ್ನು ಕಲಿಸುವ ಪಂಡಿತರು ಮೊದಲು ಪದಗಳನ್ನು ಬಿಡಿಸಿ, ಬಳಿಕ ಅನ್ವಯ ಮಾಡಿಸಿ, ಆಮೇಲೆ ತಾತ್ಪರ್ಯ ಹೇಳುತ್ತಿದ್ದರು. ಯಾವ ಪದ ಯಾವುದರೊಡನೆ ಕೂಡುತ್ತದೆ, ಯಾವ ಕ್ರಿಯೆಗೆ ಯಾರು ಕರ್ತೃ ಎಂದು ಗುರುತಿಸುವುದೇ ಅಲ್ಲಿ ಅನ್ವಯ. ಅದನ್ನು ಬಿಟ್ಟು ತಾತ್ಪರ್ಯಕ್ಕೆ ಹಾರುವ ವಿದ್ಯಾರ್ಥಿಯನ್ನು ಪಂಡಿತರು ಮುಂದಕ್ಕೆ ಬಿಡುತ್ತಿರಲಿಲ್ಲ. ನಮ್ಮ ಪ್ರಸಂಗಪೀಠಗಳಲ್ಲಿಯಾದರೋ ಆ ಹಾರಿಕೆಯೇ ರೂಢಿಯಾಗಿದೆ. ವಚನವನ್ನು ಅದರ ನೆರೆಹೊರೆಯಿಂದ ಕಿತ್ತು ನೇರವಾಗಿ ನಮ್ಮ ಮನೆಗೆ ತರುತ್ತೇವೆ.

ಫಿಲಿಪ್ಪಿಯವರಿಗೆ ಬರೆದ ಪತ್ರದ 4:13ನ್ನು ನೋಡೋಣ. ಕ್ರಿಸ್ತನಿಂದ ದೊರೆಯುವ ಬಲವನ್ನು ಕುರಿತ ಆ ಮಾತು ನಮ್ಮಲ್ಲಿ ಯಶಸ್ಸಿನ ಸೂತ್ರವಾಗಿ ಪರಿಣಮಿಸಿದೆ. ಆದರೆ ಅದನ್ನು ಬರೆದ ಪೌಲನು ಸೆರೆಯಲ್ಲಿದ್ದನು. ಹಸಿವಿನಲ್ಲಿಯೂ ತೃಪ್ತಿಯಲ್ಲಿಯೂ ಇರಲು ಕಲಿತಿದ್ದೇನೆಂಬುದು ಹಿಂದಿನ ವಚನದ ಸಾರ. ತನ್ನ ಸಂಕಟದಲ್ಲಿ ಪಾಲುಗೊಂಡ ಸಭೆಯನ್ನು ಮುಂದಿನ ವಚನ ಮೆಚ್ಚುತ್ತದೆ. ಆ ಸಭೆ ಒಂದಲ್ಲ, ಎರಡು ಸಾರಿ ಕಳುಹಿಸಿದ ಸಹಾಯವನ್ನು 16ನೆಯ ವಚನ ನೆನೆಯುತ್ತದೆ.

ಹಾವೇರಿ ಜಿಲ್ಲೆ ರೈತರ ಆತ್ಮಹತ್ಯೆಯ ಸುದ್ದಿಯನ್ನು ಮತ್ತೆ ಮತ್ತೆ ಕೇಳಿದ ನಾಡು. ಗೋವಿನಜೋಳವೋ ಹತ್ತಿಯೋ ಕೈಕೊಟ್ಟು ಸಾಲಗಾರರ ಮುಖ ತಪ್ಪಿಸಿ ಓಡಾಡುವ ವಿಶ್ವಾಸಿಯ ಮನೆಗೆ ಹೋಗಿ ನಾವು 13ನೆಯ ವಚನವನ್ನಷ್ಟೇ ಹೇಳಿ, ಪ್ರಾರ್ಥಿಸಿ, ಚಹಾ ಕುಡಿದು ಬಂದರೆ, ಇಡೀ ಹೊರೆಯನ್ನು ಅವನ ವಿಶ್ವಾಸದ ಮೇಲೆಯೇ ಹೊರಿಸಿದಂತಾಯಿತು. ಬೆಳೆ ಕೆಟ್ಟದ್ದಲ್ಲದೆ ತನ್ನ ನಂಬಿಕೆಯೂ ಸಾಲದಾಯಿತೆಂಬ ಎರಡನೆಯ ಸಾಲ ಅವನ ತಲೆಗೇರುತ್ತದೆ. 14ನ್ನೂ ಕೂಡಿಸಿ ಓದಿದಾಗಲಾದರೋ ವಚನ ಅವನಿಗಿಂತ ಮೊದಲು ಸಭೆಯನ್ನು ಹಿಡಿದು ಕೇಳುತ್ತದೆ: ಮುಂದಿನ ಬಿತ್ತನೆಯ ಬೀಜಕ್ಕೆ, ಮಕ್ಕಳ ಶಾಲೆಯ ಶುಲ್ಕಕ್ಕೆ ನಿಮ್ಮಲ್ಲಿ ಯಾರು ನಿಂತಿರಿ?

ಯಾಜಕಕಾಂಡದ 19ನೆಯ ಅಧ್ಯಾಯದ್ದೂ ಇದೇ ಪಾಡು. ನೆರೆಯವನನ್ನು ಪ್ರೀತಿಸಬೇಕೆಂಬ ಅದರ 18ನೆಯ ವಚನ ಭಾನುವಾರದ ಶಾಲೆಯ ಮಕ್ಕಳಿಗೂ ಬಾಯಿಪಾಠ. ಅದೇ ಅಧ್ಯಾಯ ಹೊಲದ ಅಂಚಿನ ಪೈರನ್ನು ಬಡವರಿಗೆ ಬಿಡಬೇಕೆನ್ನುತ್ತದೆ (9–10), ಕೂಲಿಯವನ ಕೂಲಿಯನ್ನು ಮರುದಿನದವರೆಗೆ ಇಟ್ಟುಕೊಳ್ಳಬಾರದೆನ್ನುತ್ತದೆ (13), ತಕ್ಕಡಿಯೂ ತೂಕದ ಕಲ್ಲೂ ಸರಿಯಾಗಿರಬೇಕೆನ್ನುತ್ತದೆ (35–36). ಇವುಗಳನ್ನು ಯಾರೂ ಚೀಟಿಯಲ್ಲಿ ಬರೆಯುವುದಿಲ್ಲ. ಪ್ರೀತಿಯ ವಚನವನ್ನು ಇಟ್ಟುಕೊಂಡು ಅದರ ನೆರೆಯ ವಚನಗಳನ್ನು ಹೊರಹಾಕಿದ್ದೇವೆ.

ಬ್ಯಾಡಗಿಯಲ್ಲಿ ಈ ಅಧ್ಯಾಯಕ್ಕೆ ವ್ಯಾಖ್ಯಾನವೇ ಬೇಡ. ಕೆಂಪು ಬಣ್ಣಕ್ಕೆ ಹೆಸರಾಗಿ, 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಆ ಮೆಣಸಿನಕಾಯಿಯ ತೊಟ್ಟು ಬಿಡಿಸುವವರು ಘಾಟಿನ ನಡುವೆ ದಿನವಿಡೀ ಕೂಡುವ ಹೆಣ್ಣುಮಕ್ಕಳು. ಅವರ ಕೂಲಿ ಕಿಲೋ ಲೆಕ್ಕದ್ದು. ತೂಕ ಏರಲೆಂದು ಒಣಗಿದ ಕಾಯಿಗೆ ನೀರು ಚಿಮುಕಿಸುವ ಕಳ್ಳತನವೂ ಈ ವ್ಯಾಪಾರಕ್ಕೆ ಹೊಸದಲ್ಲ. 2024ರ ಮಾರ್ಚಿಯಲ್ಲಿ ದರ ಕುಸಿದಾಗ ರೈತರ ಸಿಟ್ಟು ಮಾರುಕಟ್ಟೆಯ ಪ್ರಾಂಗಣದಲ್ಲಿ ಬೆಂಕಿಯಾದುದನ್ನು ನಾಡೇ ಕಂಡಿತು. ರೈತ, ವ್ಯಾಪಾರಿ, ಗುಮಾಸ್ತ, ಹಮಾಲ, ಕೂಲಿಯ ಹೆಣ್ಣುಮಗಳು, ಯಾರಾಗಿ ಆ ಪ್ರಾಂಗಣಕ್ಕೆ ಕಾಲಿಟ್ಟರೂ ಕ್ರೈಸ್ತ ವಿಶ್ವಾಸಿಗೆ ತಕ್ಕಡಿಯೇ ಅಂದಿನ ವೇದಪಾಠ. ಅಲ್ಲಿ ಅನ್ವಯವಾಗದ ಪ್ರೀತಿ ಆರಾಧನೆಯಲ್ಲಿ ಎಷ್ಟು ಗಟ್ಟಿಯಾಗಿ ಪಠಿಸಿದರೂ ತೂಕಕ್ಕೆ ಬಾರದು.

ವಚನವನ್ನು ನೆರೆಹೊರೆಯಿಂದ ಕಿತ್ತು ಅನ್ವಯಿಸುವುದರಲ್ಲಿ ನಿಪುಣನಾದವನೊಬ್ಬನು ಸುವಾರ್ತೆಯಲ್ಲಿಯೇ ಇದ್ದಾನೆ. ಮತ್ತಾಯ 4:6ರಲ್ಲಿ ಸೈತಾನನು 91ನೆಯ ಕೀರ್ತನೆಯನ್ನು ಉದ್ಧರಿಸುವಾಗ, ನಡೆಯುವ ಮಾರ್ಗಗಳಲ್ಲೆಲ್ಲ ಕಾಯುವುದನ್ನು ಕುರಿತ ಮಾತನ್ನು ಬಿಟ್ಟುಬಿಡುತ್ತಾನೆ. ಕರ್ತನು ಆ ವಚನವನ್ನು ಅಲ್ಲಗಳೆಯಲಿಲ್ಲ; ಅದರ ಪಕ್ಕದಲ್ಲಿ ಇನ್ನೊಂದನ್ನು ಇರಿಸಿದನು. ನಾವು ಕಲಿಯಬೇಕಾದ ಅನ್ವಯಕ್ರಮ ಇದು.

ಇಷ್ಟು ಹೇಳಿ ವೇದಶಾಸ್ತ್ರದ ವಿದ್ಯಾರ್ಥಿಗಳಾದ ನಾವು ಬೆನ್ನು ತಟ್ಟಿಕೊಳ್ಳುವಂತಿಲ್ಲ. ಸಂದರ್ಭ, ಮೂಲಭಾಷೆ, ಸಾಹಿತ್ಯ ಪ್ರಕಾರ ಎಂದು ವಚನವನ್ನು ಅದರ ಕಾಲಕ್ಕೇ ಕಟ್ಟಿಹಾಕಿ ನಮ್ಮ ಬೀದಿಗೆ ಬಾರದಂತೆ ಮಾಡುವ ದೋಷ ನಮ್ಮದು. ಚೀಟಿ ಹಿಡಿದ ವಿಶ್ವಾಸಿ ದೇವರು ಇಂದು ತನ್ನೊಡನೆ ಮಾತಾಡುವನೆಂದು ನಂಬಿದ್ದಾನೆ. ನಮ್ಮ ಎಷ್ಟೋ ಪ್ರಬಂಧಗಳಲ್ಲಿ ಆ ನಂಬಿಕೆಯ ಸುಳಿವೂ ಇಲ್ಲ. ಪೂರ್ಣ ಅಧ್ಯಾಯವನ್ನು ಓದಿ, ಪ್ರಸಂಗಿ ಬಾಯಿ ತೆರೆಯುವ ಮೊದಲು ತೊಟ್ಟು ಬಿಡಿಸುವವಳಿಗೂ ತೂಕ ಹಾಕುವವನಿಗೂ ಅದರಲ್ಲಿ ಏನು ಕೇಳಿಸಿತೆಂದು ವಿಚಾರಿಸುವ ಒಂದು ಸಂಜೆಯ ಕೂಟ ಈ ಎರಡೂ ದೋಷಗಳನ್ನು ತಿದ್ದಬಲ್ಲದು.

ರಾಣೆಬೆನ್ನೂರು ತಾಲೂಕಿನ ಚೌಡದಾನಪುರ ಅಂಬಿಗರ ಚೌಡಯ್ಯನ ನೆಲೆ. ನುಡಿಯನ್ನು ನಡೆಯಿಂದ ಅಳೆಯುವ ಶರಣರ ಈ ನೆಲದಲ್ಲಿ ಸತ್ಯವೇದದ ವಾಕ್ಯಗಳಿಗೂ ವಚನವೆಂಬ ಹೆಸರೇ ನಿಂತಿತು. ವಚನವೆಂದರೆ ಕೊಟ್ಟ ಮಾತು ಎಂಬ ಅರ್ಥವೂ ಕನ್ನಡದಲ್ಲಿ ಜೀವಂತವಾಗಿದೆ. ದೇವರು ನಮಗೆ ಕೊಟ್ಟ ಮಾತನ್ನು ಚೀಟಿಯಲ್ಲಿ ಎತ್ತಿಕೊಳ್ಳುವ ರಾತ್ರಿಯಲ್ಲಿ, ಪ್ರತಿಯಾಗಿ ನಾವು ನೆರೆಯವನಿಗೆ ಕೊಡುವ ಮಾತನ್ನೂ ಅದರ ಬೆನ್ನಿನ ಮೇಲೆ ಬರೆದುಕೊಂಡರೆ, ಮುಂದಿನ ವರ್ಷದ ಕೊನೆಗೆ ಸಭೆ ಯಾವುದನ್ನು ಪರೀಕ್ಷಿಸಬೇಕೆಂಬುದು ತಾನೇ ತಿಳಿದುಬರುತ್ತದೆ.